ಚರ್ಮ ಹಿತ್ತಾಳೆಯ ತಂಬಿಗೆಯಲ್ಲ

ಸ್ನಾನಕ್ಕೆ ಹೊರಟ ಗೌರಿ ಮೈ ತಿಕ್ಕಿಕೊಂಡಳು, ಉದುರಿದ ಕೊಳೆಯನ್ನು ಕಲಸಿ ಬೊಂಬೆ ಮಾಡಿದಳು, ಅದಕ್ಕೆ ಜೀವ ತುಂಬಿ ಬಾಗಿಲು ಕಾಯಲು ನಿಲ್ಲಿಸಿದಳು. ಚೌತಿಯ ದಿನ ಮಕ್ಕಳಿಗೆ ಈ ಕತೆ ಹೇಳುವಾಗ ‘ಕೊಳೆ’ ಎನ್ನಲು ಸಂಕೋಚವಾದವರು ‘ಮೈಗೆ ಹಚ್ಚಿಕೊಂಡಿದ್ದ ಅರಿಶಿನ’ ಎಂದು ತಿದ್ದಿ ಹೇಳುವುದುಂಟು. ಎರಡೂ ಸರಿಯೇ. ಅರಿಶಿನ, ಎಣ್ಣೆ, ಹಿಟ್ಟು ಹಚ್ಚಿ ತಿಕ್ಕಿದಾಗ ಬತ್ತಿಬತ್ತಿಯಾಗಿ ಉದುರುವುದರಲ್ಲಿ ಒಂದಿಷ್ಟು ಹಿಟ್ಟು, ಒಂದಿಷ್ಟು ಜಿಡ್ಡು, ಉಳಿದದ್ದೆಲ್ಲ ನಮ್ಮದೇ ಸತ್ತ ಚರ್ಮ. ಹಾಗೆ ನೋಡಿದರೆ ವಿಘ್ನೇಶ್ವರನ ಹುಟ್ಟಿಗೆ ಕಾರಣವಾದ ಕೆಲಸಕ್ಕೇ ಇವತ್ತಿನ ಸೌಂದರ್ಯ ಮಾರುಕಟ್ಟೆ ಎಕ್ಸ್‌ಫೋಲಿಯೇಶನ್ ಎಂದು ಹೆಸರಿಟ್ಟು, ಟ್ಯೂಬಿಗೆ ತುಂಬಿ, ಮಾಲ್‌ನ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟಿದೆ.

ಜೋಡಿಸಲಿ, ಮಾರಲಿ. ನನ್ನ ತಕರಾರು ಕೊಂಡವರ ನಿರೀಕ್ಷೆಯ ಬಗ್ಗೆ. ತಿಕ್ಕುವುದರಿಂದ ಆಗುವ ಕೆಲಸ ಒಂದೇ: ಉದುರಲು ಸಿದ್ಧವಾಗಿ ನಿಂತದ್ದನ್ನು ಉದುರಿಸುವುದು. ನಾವೋ ಅದರಿಂದ ಬಿಳಿ ಬಣ್ಣ ಕೇಳುತ್ತೇವೆ, ಮೊಡವೆ ಹೋಗಲಿ ಎನ್ನುತ್ತೇವೆ, ವಯಸ್ಸು ಹಿಂದಕ್ಕೆ ಸರಿಯಲಿ ಎನ್ನುತ್ತೇವೆ. ಸಿಗದಿದ್ದಾಗ ಇನ್ನೂ ಬಲವಾಗಿ ತಿಕ್ಕುತ್ತೇವೆ. ಹುಣಸೆಹಣ್ಣು ಹಾಕಿ ಉಜ್ಜಿದಷ್ಟೂ ಹೊಳೆಯುವುದು ಹಿತ್ತಾಳೆಯ ತಂಬಿಗೆ. ಚರ್ಮಕ್ಕೆ ಆ ಗುಣವಿಲ್ಲ.

ಅದರ ಗುಣ ಬೇರೆ. ಚರ್ಮದ ಮೇಲುಪದರದ ತಳದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತಲೇ ಇರುತ್ತವೆ. ಹುಟ್ಟಿದವು ಮೇಲಕ್ಕೆ ಸರಿಯುತ್ತ, ಚಪ್ಪಟೆಯಾಗುತ್ತ, ತಮ್ಮೊಳಗೆ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು ತುಂಬಿಕೊಂಡು ಮೇಲ್ಮೈ ತಲುಪುವ ಹೊತ್ತಿಗೆ ಸತ್ತಿರುತ್ತವೆ. ಹರೆಯದವರಲ್ಲಿ ಈ ಪಯಣಕ್ಕೆ ಹೆಚ್ಚೂಕಡಿಮೆ ಒಂದು ತಿಂಗಳು. ವಯಸ್ಸಾದಂತೆ ಇನ್ನೂ ನಿಧಾನ. ಮೇಲೆ ಹೀಗೆ ಸತ್ತು ಒತ್ತೊತ್ತಾಗಿ ಕುಳಿತ ಸಾಲುಗಳು ಮೈಯ ಹೆಚ್ಚಿನ ಕಡೆ 15ರಿಂದ 20. ಅಷ್ಟೂ ಸಾಲು ಸೇರಿದರೂ ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದೋ ಎರಡೋ ಪಾಲು. ಅಂಗಾಲಿನಲ್ಲಿ, ಅಂಗೈಯಲ್ಲಿ ಮಾತ್ರ ಇದರ ಹಲವು ಪಟ್ಟು. ಈ ತೆಳು ಪದರವೇ ಒಳಗಿನ ನೀರು ಆವಿಯಾಗದಂತೆ, ಹೊರಗಿನ ರೋಗಾಣು ನುಗ್ಗದಂತೆ ತಡೆಯುವುದು. ಸತ್ತದ್ದೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ.

ಅದು ಉದುರಬೇಕಾದರೆ ನಮ್ಮ ಕೈಯನ್ನೇನೂ ಕಾಯುವುದಿಲ್ಲ. ಸಾಲುಗಳನ್ನು ಹಿಡಿದಿಟ್ಟ ಬಂಧಗಳನ್ನು ಚರ್ಮದಲ್ಲೇ ಇರುವ ಕಿಣ್ವಗಳು ಕತ್ತರಿಸುತ್ತವೆ, ಮೇಲಿನವು ಕಣ್ಣಿಗೆ ಕಾಣದಂತೆ ದಿನವೂ ಕಳಚಿ ಬೀಳುತ್ತವೆ. ಈ ಕಿಣ್ವಗಳಿಗೆ ಚರ್ಮದಲ್ಲಿ ನೀರಿನಂಶ ಇರಬೇಕು, ಮೇಲ್ಮೈಯ ಸಣ್ಣ ಹುಳಿಗುಣವೂ ಹದ ತಪ್ಪಬಾರದು. ಆರೋಗ್ಯವಂತ ಚರ್ಮದ ಪಿಎಚ್ ಮಟ್ಟ ಸುಮಾರು 5. ಬಾರ್ ಸೋಪಿನದು 9ರಿಂದ 10. ದಿನಕ್ಕೆರಡು ಸಲ ಸೋಪು ಹಚ್ಚಿ, ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದುಕೊಳ್ಳುವ ಬೆಂಗಳೂರಿನವರ ಮೊಣಕಾಲ ಕೆಳಗೆ ಬಿಳಿ ಹೊಟ್ಟು ಏಳುವುದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಒಣಗಿದ ಚರ್ಮ ಸರಿಯಾಗಿ ಉದುರದೆ ಅಲ್ಲಲ್ಲೇ ಗುಡ್ಡೆಯಾಗಿ ನಿಲ್ಲುತ್ತದೆ. ಮುಟ್ಟಿದರೆ ಒರಟು, ನೋಡಿದರೆ ಮಂಕು. ಇಂಥ ಕಡೆ ಸ್ವಲ್ಪ ಕೈ ಜೋಡಿಸಿದರೆ ಉಪಯೋಗ ಇದೆ.

ಕೈ ಎಷ್ಟು ಜೋಡಿಸಬೇಕು ಎಂಬ ಲೆಕ್ಕ ನಮ್ಮ ಹಳೆಯ ಬಚ್ಚಲುಮನೆಗಳಿಗೆ ಚೆನ್ನಾಗಿ ಗೊತ್ತಿತ್ತು. ಹೆಂಗಸರಿಗೆ ಮಂಗಳವಾರ, ಶುಕ್ರವಾರ. ಗಂಡಸರಿಗೆ ಬುಧವಾರ, ಶನಿವಾರ. ಅಭ್ಯಂಜನಕ್ಕೆ ಹಿರಿಯರು ಗೊತ್ತುಮಾಡಿದ ವಾರಗಳು ಇವು. ಶಾಸ್ತ್ರದ ಕಾರಣ ಏನೇ ಇರಲಿ, ಫಲ ಮಾತ್ರ ವಾರಕ್ಕೆ ಎರಡು ಸಲ ಮೀರದಂತೆ ಒಂದು ಕಟ್ಟು. ಇವತ್ತು ಚರ್ಮವೈದ್ಯರು ಸಾಮಾನ್ಯ ಚರ್ಮದವರಿಗೆ ಹೇಳುವುದೂ ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ. ಪಂಚಾಂಗವೂ ಪ್ರಿಸ್ಕ್ರಿಪ್ಷನ್ನೂ ಇಷ್ಟು ಚೆನ್ನಾಗಿ ಹೊಂದುವುದು ಅಪರೂಪ.

ಆ ಸ್ನಾನದ ಕ್ರಮವನ್ನು ಗಮನಿಸಿ. ಮೊದಲು ಮೈತುಂಬ ಎಳ್ಳೆಣ್ಣೆಯೋ ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ. ಅದು ಇಳಿಯುವ ತನಕ ಕಾಯುವುದು. ಹಂಡೆಯ ಬಿಸಿನೀರು ಹೊಯ್ದುಕೊಂಡು ಮೈ ನೆನೆಸುವುದು. ಅದಾದ ಮೇಲೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು, ತಲೆಗೆ ಸೀಗೆಪುಡಿ. ಎಣ್ಣೆ ಸತ್ತ ಪದರವನ್ನು ಮೆತ್ತಗೆ ಮಾಡಿ, ಕೈಗೂ ಚರ್ಮಕ್ಕೂ ನಡುವೆ ಜಾರು ಕೊಡುತ್ತದೆ. ಹಿಟ್ಟು ಹೆಚ್ಚಿನ ಎಣ್ಣೆಯನ್ನು ಹೀರಿಕೊಂಡು ಉಂಡೆಯಾಗಿ, ಸಡಿಲವಾದದ್ದನ್ನು ಜೊತೆಗೆ ಎಳೆದುಕೊಂಡು ಬರುತ್ತದೆ. ಹಿಟ್ಟಿನ ಕಣ ನುಣುಪು, ನೆನೆದರೆ ಇನ್ನೂ ಮೆದು. ಗೀರುವ ಶಕ್ತಿ ಅದಕ್ಕಿಲ್ಲ. ಎಲ್ಲ ಮುಗಿದ ಮೇಲೂ ಎಣ್ಣೆಯ ಪಸೆ ಸ್ವಲ್ಪ ಮೈಯಲ್ಲಿ ಉಳಿಯುತ್ತದೆ. ಈಗಿನ ಮಾತಿನಲ್ಲಿ ಹೇಳುವುದಾದರೆ ಮೃದುಗೊಳಿಸುವುದು, ಉದುರಿಸುವುದು, ಮಾಯಿಶ್ಚರೈಸ್ ಮಾಡುವುದು ಮೂರೂ ಒಂದೇ ಸ್ನಾನದಲ್ಲಿ ಮುಗಿಯಿತು.

ಹಿಟ್ಟು, ಪುಡಿ ಹಚ್ಚಿ ಮೈ ತಿಕ್ಕುವ ಈ ಪದ್ಧತಿಗೆ ಉದ್ವರ್ತನ ಎಂಬ ಹೆಸರಿದೆ. ವಾಗ್ಭಟನ ಅಷ್ಟಾಂಗಹೃದಯ ದಿನಚರಿಯ ಅಧ್ಯಾಯದಲ್ಲಿ ಅಭ್ಯಂಗ, ವ್ಯಾಯಾಮಗಳ ಸಾಲಿನಲ್ಲಿ ಅದನ್ನೂ ಹೇಳುತ್ತದೆ. ನಮ್ಮ ನೆಲದ ಸಾಕ್ಷಿಯೇ ಬೇಕೆಂದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಇದೆ. 12ನೇ ಶತಮಾನದ ಈ ಸಂಸ್ಕೃತ ಗ್ರಂಥ ರಾಜನ ಭೋಗಗಳನ್ನು ಒಂದೊಂದಾಗಿ ವಿವರಿಸುವಾಗ ಸ್ನಾನಭೋಗಕ್ಕೆ ಬೇರೆಯೇ ಜಾಗ ಕೊಟ್ಟಿದೆ. ಹೂವಿನ ಪರಿಮಳ ಹಿಡಿಸಿದ ಎಣ್ಣೆ, ಮೈ ನೀವಲು ನುರಿತ ಜನ, ಜಿಡ್ಡು ತೆಗೆಯಲು ಗಿಡಮೂಲಿಕೆಯ ಪುಡಿ. ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಒಂಬೈನೂರು ವರ್ಷದ ಹಿಂದೆ ದೊರೆಗೆ ನಡೆದ ಉಪಚಾರವೇ ಸರಳವಾಗಿ ನಮ್ಮ ದೀಪಾವಳಿಯ ಬಚ್ಚಲಿಗೆ ಬಂತು ಎಂದುಕೊಳ್ಳಲು ನನಗಂತೂ ಖುಷಿ. ಇಂದು ಸ್ಪಾಗಳಲ್ಲಿ ಇಷ್ಟೇ ಸೇವೆಗೆ ತೆರುವ ಬೆಲೆ ನೋಡಿದರೆ ಅದು ಮತ್ತೆ ರಾಜರ ಕೈಗೇ ಹೋಗಿದೆ ಅನ್ನಿಸುತ್ತದೆ.

ಹಾಗಂತ ಹಳೆಯದೆಲ್ಲ ಹೊನ್ನು ಎನ್ನಲಾರೆ. ಬಾಣಂತಿಕೋಣೆಯ ಒಂದು ಪದ್ಧತಿಯನ್ನು ಬಿಡಲೇಬೇಕು. ಹಸುಗೂಸಿನ ಮೈಮೇಲಿನ ನವಿರು ಕೂದಲು ಹೋಗಲಿ, ಮಗು ಬೆಳ್ಳಗಾಗಲಿ ಎಂದು ಹಿಟ್ಟು ಕಲಸಿ ತೋಳು, ಬೆನ್ನು, ಹಣೆಯನ್ನು ತಿಕ್ಕುವುದು. ಆ ಕೂದಲು ಕೆಲವು ವಾರಗಳಲ್ಲಿ ತಾನಾಗಿ ಉದುರುತ್ತದೆ. ಎಳೆಗೂಸಿನ ಚರ್ಮ ದೊಡ್ಡವರದಕ್ಕಿಂತ ತೆಳು, ತಿಕ್ಕಿದರೆ ಕೆಂಪಾಗಿ ಗೀರಾಗಿ ಸೋಂಕಿಗೆ ದಾರಿಯಾಗುತ್ತದೆ. ಎಣ್ಣೆ ಹಚ್ಚಿ ಮೆಲ್ಲಗೆ ನೀವಿ, ಅಷ್ಟು ಸಾಕು. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬಂದದ್ದು, ಅಜ್ಜಿಯ ಅಂಗೈ ಅದನ್ನು ಬದಲಿಸಲಾರದು.

ಬಣ್ಣದ ಮಾತು ಬಂತಲ್ಲ, ಅದನ್ನೇ ಮುಗಿಸಿಬಿಡೋಣ. ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಮೇಲುಪದರದ ತಳದಲ್ಲಿ. ಮೇಲಿನ ಸತ್ತ ಸಾಲು ತೆಗೆದರೆ ಬೆಳಕು ಒಂದೇ ಸಮನಾಗಿ ಪ್ರತಿಫಲಿಸಿ ಮುಖಕ್ಕೆ ಸ್ವಲ್ಪ ಕಳೆ ಬಂದಂತೆ ಕಾಣುತ್ತದೆ, ಬಿಸಿಲಿಗೆ ಕಪ್ಪಾದದ್ದು ಬೇಗ ತಿಳಿಯಾಗಬಹುದು. ಹುಟ್ಟುಬಣ್ಣ ಮಾತ್ರ ಇದ್ದಲ್ಲೇ ಇರುತ್ತದೆ. ‘ಫೇರ್ ಅಂಡ್ ಲವ್ಲಿ’ ಎಂಬ ಕ್ರೀಮು 2020ರಲ್ಲಿ ಹೆಸರು ಬದಲಿಸಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಡಬ್ಬಿಯ ಮೇಲಿನ ಹೆಸರು ಬದಲಾದಷ್ಟು ಸುಲಭವಾಗಿ ಮನೆಯೊಳಗಿನ ಆಸೆ ಬದಲಾಗಿಲ್ಲ.

ನಮ್ಮಂಥ ಗೋಧಿ, ಎಣ್ಣೆಗೆಂಪು, ಕಪ್ಪು ಬಣ್ಣದವರಿಗೆ ಇಲ್ಲೊಂದು ಹೆಚ್ಚಿನ ಅಪಾಯ ಇದೆ. ಬಿಳಿ ಚರ್ಮದವರು ಅತಿಯಾಗಿ ತಿಕ್ಕಿದರೆ ಕೆಂಪಾಗುತ್ತದೆ, ನಾಲ್ಕು ದಿನಕ್ಕೆ ಇಳಿಯುತ್ತದೆ. ನಮ್ಮ ಚರ್ಮ ಪ್ರತಿ ಗಾಯಕ್ಕೂ, ಪ್ರತಿ ಉರಿಯೂತಕ್ಕೂ ಮೆಲನಿನ್ ಸುರಿದು ಉತ್ತರ ಕೊಡುತ್ತದೆ. ಮೊಡವೆ ವಾಸಿಯಾದ ಜಾಗದಲ್ಲಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುವುದು ಇದರಿಂದಲೇ. ಮೊಡವೆ ಇರುವ ಮುಖವನ್ನು ಹರಳು ಹರಳಾದ ಸ್ಕ್ರಬ್ಬಿನಿಂದ ತಿಕ್ಕಿದರೆ ಒಂದು ಮೊಡವೆ ಒಡೆದು ಅಕ್ಕಪಕ್ಕ ಹರಡುತ್ತದೆ, ಒಡೆದ ಪ್ರತಿಯೊಂದೂ ತನ್ನ ಕಲೆ ಬಿಟ್ಟೇ ಹೋಗುತ್ತದೆ. ಬೆಳ್ಳಗಾಗಲು ತಿಕ್ಕಿದವರು ಕಪ್ಪಾಗುವುದು ಹೀಗೆ.

ಮೈಗೂ ಇದೇ ಮಾತು. ಬಚ್ಚಲಲ್ಲಿ ಹೀರೆಕಾಯಿ ನಾರು ನೇತಾಡುತ್ತಿದ್ದ ಮೊಳೆಗೆ ಈಗ ಬಣ್ಣಬಣ್ಣದ ನೈಲಾನ್ ಜಾಲರಿ ಬಂದಿದೆ. ವರ್ಷಗಟ್ಟಲೆ ದಿನವೂ ಅದರಿಂದ ಗಸಗಸ ತಿಕ್ಕಿಕೊಳ್ಳುವವರ ಕೊರಳೆಲುಬಿನ ಮೇಲೆ, ಬೆನ್ನಿನ ಮೇಲ್ಭಾಗದಲ್ಲಿ, ಮುಂಗೈ, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಕಂದುಗಪ್ಪು ಪಟ್ಟೆಗಳು ಮೂಡುತ್ತವೆ. ಚರ್ಮದ ಕೆಳಗೇ ಎಲುಬು ಇರುವ ಜಾಗಗಳಿವು. ತಿಕ್ಕಿನ ಪೆಟ್ಟು ಇಲ್ಲಿ ಹೆಚ್ಚು. ವೈದ್ಯರು ಇದನ್ನು ಫ್ರಿಕ್ಷನ್ ಮೆಲನೋಸಿಸ್ ಎನ್ನುತ್ತಾರೆ. ಜಪಾನಿನಲ್ಲಿ ನೈಲಾನ್ ಟವೆಲ್ ಬಳಸುವವರಲ್ಲಿ ಇದನ್ನು ಗುರುತಿಸಿದರು. ಅರಬ್ ನಾಡಿನ ವೈದ್ಯರು ಅಲ್ಲಿನ ಮೈತಿಕ್ಕುವ ನಾರಿನ ಹೆಸರನ್ನೇ ಇಟ್ಟು ‘ಲೀಫ ರೋಗ’ ಎಂದರು. ಭಾರತದ ಚರ್ಮರೋಗ ವಿಭಾಗಗಳಿಗೆ ಇದು ಹಳೆಯ ಪರಿಚಯ. ರೋಗಿ ಮಾತ್ರ ಅದನ್ನು ಕೊಳೆಯೆಂದೇ ತಿಳಿದು ಇನ್ನಷ್ಟು ತಿಕ್ಕಿರುತ್ತಾರೆ. ಜಾಲರಿ ಬಿಟ್ಟರೆ ತಿಂಗಳುಗಳಲ್ಲಿ ನಿಧಾನಕ್ಕೆ ತಿಳಿಯಾದೀತು. ಬಿಡದಿದ್ದರೆ ಯಾವ ಕ್ರೀಮೂ ಕೆಲಸ ಮಾಡದು.

ಹೀರೆಕಾಯಿ ನಾರು ಒಳ್ಳೆಯದೇ ಎಂದು ಕೇಳುವವರಿದ್ದಾರೆ. ನೆನೆಸಿ ಮೆದುವಾದದ್ದನ್ನು ಬೆನ್ನಿಗೆ, ಹಿಮ್ಮಡಿಗೆ ಬಳಸಿದರೆ ಅಡ್ಡಿಯಿಲ್ಲ. ಒದ್ದೆ ಬಚ್ಚಲಲ್ಲೇ ಬಿಟ್ಟರೆ ಮಾತ್ರ ಅದು ರೋಗಾಣುಗಳ ಮನೆ. ಇಂಥ ನಾರಿನಲ್ಲಿ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಬೆಳೆದು ಚರ್ಮಕ್ಕೆ ಸೋಂಕು ತಗುಲುವುದನ್ನು ಅಮೆರಿಕದ ವೈದ್ಯಪತ್ರಿಕೆಯೊಂದು 1994ರಲ್ಲೇ ವರದಿ ಮಾಡಿತ್ತು. ಬಳಸಿದ ಮೇಲೆ ಹಿಂಡಿ ಬಿಸಿಲಿಗೆ ಹಾಕಿ, ಕೆಲವು ವಾರಕ್ಕೊಮ್ಮೆ ಎಸೆದು ಹೊಸದು ತೆಗೆದುಕೊಳ್ಳಿ. ಹಿತ್ತಲಲ್ಲಿ ತುಪ್ಪದ ಹೀರೆ ಬಳ್ಳಿ ಇದ್ದವರಿಗೆ ಈ ಚಿಂತೆಯೇ ಇಲ್ಲ.

ಅಂಗಡಿಯ ಸ್ಕ್ರಬ್ಬುಗಳಲ್ಲಿ ಕೆಲವು ಕಾಲ ಮಿಂಚಿದ್ದು ಪ್ಲಾಸ್ಟಿಕ್ಕಿನ ಸಣ್ಣ ಗುಂಡುಗಳು. ಮುಖಕ್ಕೆ ಅವು ಮೃದುವೇ. ಬಚ್ಚಲ ಕಿಂಡಿಯಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗಿ ಮೀನಿನ ಹೊಟ್ಟೆ ಸೇರುತ್ತವೆಂದು ಗೊತ್ತಾದ ಮೇಲೆ ಅಮೆರಿಕ 2015ರಲ್ಲಿ ಅವುಗಳ ವಿರುದ್ಧ ಕಾನೂನು ಮಾಡಿತು, ಬ್ರಿಟನ್ 2018ರಲ್ಲಿ ನಿಷೇಧಿಸಿತು, ಭಾರತೀಯ ಮಾನಕ ಬ್ಯೂರೋ ಕೂಡ ಸೌಂದರ್ಯವರ್ಧಕಗಳಿಗೆ ಅಸುರಕ್ಷಿತ ಎಂಬ ಪಟ್ಟಿಗೆ ಸೇರಿಸಿತು. ಅವುಗಳ ಜಾಗಕ್ಕೆ ಅಕ್ರೋಟಿನ ಚಿಪ್ಪು, ಏಪ್ರಿಕಾಟ್ ಬೀಜ, ಸಕ್ಕರೆ, ಉಪ್ಪು ಬಂದವು. ‘ನೈಸರ್ಗಿಕ’ ಎಂದ ಮಾತ್ರಕ್ಕೆ ಚೂಪು ಅಂಚು ಮೊಂಡಾಗುವುದಿಲ್ಲ. ಕಾಫಿ ಪುಡಿಯಂತೂ ಮುಖಕ್ಕಿಂತ ಪೈಪಿಗೆ ಹೆಚ್ಚು ತೊಂದರೆ ಕೊಡುತ್ತದೆ. ಚಿಕ್ಕಮಗಳೂರಿನವರ ದಾರಿಯೇ ಸರಿ, ಅದನ್ನು ಕುಡಿಯುವುದು.

ಇನ್ನೊಂದು ದಾರಿ ತಿಕ್ಕದೆಯೇ ಉದುರಿಸುವುದು. ಸತ್ತ ಸಾಲುಗಳನ್ನು ಹಿಡಿದ ಬಂಧವನ್ನು ಹುಳಿ ಸಡಿಲಿಸುತ್ತದೆ. ಮೊಸರು ಹಚ್ಚಿ ಮುಖ ತೊಳೆಯುತ್ತಿದ್ದವರು ಹೆಸರು ತಿಳಿಯದೆ ಬಳಸಿದ್ದು ಲ್ಯಾಕ್ಟಿಕ್ ಆಮ್ಲವನ್ನು. ಸ್ವೀಡನ್ನಿನ ರಸಾಯನಜ್ಞ ಶೀಲೆ 1780ರಲ್ಲಿ ಅದನ್ನು ಹುಳಿತ ಹಾಲಿನಿಂದಲೇ ಬೇರ್ಪಡಿಸಿದ. ಕಬ್ಬಿನಲ್ಲಿ ಗ್ಲೈಕಾಲಿಕ್ ಆಮ್ಲ, ಕಹಿಬಾದಾಮಿಯಿಂದ ಮ್ಯಾಂಡೆಲಿಕ್ ಆಮ್ಲ; ಇವೆಲ್ಲ ಎಎಚ್‌ಎ (ಆಲ್ಫಾ ಹೈಡ್ರಾಕ್ಸಿ ಆಮ್ಲ) ಎಂಬ ಒಂದೇ ಕುಲ. ಅಮೆರಿಕದ ಚರ್ಮವೈದ್ಯ ಯೂಜೀನ್ ವ್ಯಾನ್ ಸ್ಕಾಟ್ ಮತ್ತು ರಸಾಯನಜ್ಞ ರೂಯೆ ಯು 1974ರಲ್ಲಿ ಇವುಗಳ ಪರಿಣಾಮವನ್ನು ಪ್ರಕಟಿಸಿದ್ದು ಸೌಂದರ್ಯಕ್ಕಾಗಿ ಅಲ್ಲ. ಮೈಯೆಲ್ಲ ಮೀನಿನ ಹುರುಪೆಯಂತಾಗುವ ಇಕ್ತಿಯೋಸಿಸ್ ರೋಗಿಗಳಿಗಾಗಿ. ಅಲ್ಲಿಂದ ಅದು ಬ್ಯೂಟಿ ಪಾರ್ಲರಿಗೆ ಬಂತು.

ಮೊಸರಿನಲ್ಲಿ ಈ ಆಮ್ಲ ಇರುವುದು ಶೇ 1ರ ಆಸುಪಾಸು. ಅಂಗಡಿಯ ಸೀರಮ್ಮಿನಲ್ಲಿ ಶೇ 5ರಿಂದ 10. ಆದ್ದರಿಂದ ಮೊಸರಿನಿಂದ ಪವಾಡವೂ ಆಗದು, ಅನಾಹುತವೂ ಆಗದು. ಮನೆಯಲ್ಲಿ ಹಚ್ಚಿಕೊಳ್ಳಲು ಎಎಚ್‌ಎ ಶೇ 10 ಮೀರಬಾರದು, ಪಿಎಚ್ 3.5ಕ್ಕಿಂತ ಇಳಿಯಬಾರದು ಎಂಬುದು ಅಮೆರಿಕದ ತಜ್ಞರ ಸಮಿತಿ ಹಾಕಿದ ಗೆರೆ. ಆನ್‌ಲೈನಿನಲ್ಲಿ ಶೇ 30ರ ಬಾಟಲಿಯೂ ಮನೆಗೆ ಬರುತ್ತದೆ ಎಂಬುದೇ ತಲೆನೋವು. ಎಣ್ಣೆಚರ್ಮ, ಕಪ್ಪುಚುಕ್ಕೆ, ಮೊಡವೆ ಇರುವವರಿಗೆ ಸ್ಯಾಲಿಸಿಲಿಕ್ ಆಮ್ಲ ಹೆಚ್ಚು ಹೊಂದುತ್ತದೆ. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದ ಒಳಗೂ ಇಳಿಯುತ್ತದೆ. ಶೇ 2ಕ್ಕಿಂತ ಹೆಚ್ಚಿನದು ಮುಖಕ್ಕೆ ಬೇಡ. ಆಸ್ಪಿರಿನ್ ಅಲರ್ಜಿ ಇರುವವರು ಅದನ್ನು ಮುಟ್ಟುವುದು ಬೇಡ, ಬಸುರಿಯರು ವೈದ್ಯರನ್ನು ಕೇಳಿಯೇ ಹಚ್ಚಲಿ.

ನಿಂಬೆಹಣ್ಣಿಗೆ ಮಾತ್ರ ಕೈಮುಗಿದು ಅಡುಗೆಮನೆಗೆ ಕಳಿಸಿ. ಅದರ ರಸದ ಪಿಎಚ್ 2ರ ಸುತ್ತ, ಚರ್ಮಕ್ಕೆ ಅದು ಅತಿ ತೀಕ್ಷ್ಣ. ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಕೆಲವು ಅಂಶಗಳು ಬಿಸಿಲು ತಾಗಿದಾಗ ಚರ್ಮವನ್ನು ಸುಟ್ಟು, ಗುಳ್ಳೆ ಎಬ್ಬಿಸಿ, ಕಪ್ಪು ಗುರುತು ಉಳಿಸುತ್ತವೆ. ಅಡುಗೆ ಸೋಡಾ ಇದಕ್ಕೆ ತದ್ವಿರುದ್ಧ ದಿಕ್ಕಿನ ತಪ್ಪು, ಅದು ಕ್ಷಾರ. ಎರಡನ್ನೂ ಬೆರೆಸಿ ನೊರೆ ಎಬ್ಬಿಸಿ ಹಚ್ಚಿಕೊಳ್ಳುವ ವಿಡಿಯೊಗಳಿವೆ. ನೋಡಲು ಚೆಂದ.

ಬಿಸಿಲಿನ ವಿಷಯದಲ್ಲಿ ಆಮ್ಲಗಳಿಗೂ ಒಂದು ಷರತ್ತು ಇದೆ. ನಾಲ್ಕು ವಾರ ಎಎಚ್‌ಎ ಹಚ್ಚಿದವರ ಚರ್ಮ ಅತಿನೇರಳೆ ಕಿರಣಕ್ಕೆ ಶೇ 18ರಷ್ಟು ಹೆಚ್ಚು ಸೂಕ್ಷ್ಮವಾಗಿತ್ತು, ನಿಲ್ಲಿಸಿದ ಒಂದು ವಾರಕ್ಕೆ ಆ ವ್ಯತ್ಯಾಸ ಹೋಗಿತ್ತು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೇಳುತ್ತದೆ. ಇಂಥ ಡಬ್ಬಿಗಳ ಮೇಲೆ ಬಿಸಿಲಿನ ಎಚ್ಚರಿಕೆ ಇರಲಿ ಎಂದು 2005ರಲ್ಲಿ ಅದು ಕಂಪನಿಗಳಿಗೆ ಸೂಚಿಸಿತು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹಗಲೆಲ್ಲ ಹೊರಗೆ ದುಡಿಯುವವರು ಸನ್‌ಸ್ಕ್ರೀನ್ ಹಚ್ಚಲಾಗದಿದ್ದರೆ ಆಮ್ಲದ ತಂಟೆಗೆ ಹೋಗದಿರುವುದೇ ಲೇಸು. ಅವರಿಗೆ ಟೊಪ್ಪಿಗೆ, ತಲೆವಸ್ತ್ರ, ರಾತ್ರಿ ಒಂದಿಷ್ಟು ಕೊಬ್ಬರಿ ಎಣ್ಣೆ ಹೆಚ್ಚಿನ ಉಪಕಾರ ಮಾಡುತ್ತವೆ.

ಇಷ್ಟೆಲ್ಲ ಕೇಳಿದ ಮೇಲೆ ಮಾಡಬೇಕಾದ್ದೇನು ಎಂದರೆ ನನ್ನ ಉತ್ತರ ಚಿಕ್ಕದು. ಮುಖಕ್ಕೆ ಮೆದು ಕ್ಲೆನ್ಸರ್, ಮಾಯಿಶ್ಚರೈಸರ್, ಹಗಲು ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ಈ ಮೂರು ನೆಟ್ಟಗೆ ನಡೆಯುತ್ತಿದ್ದರೆ ಮಾತ್ರ ನಾಲ್ಕನೆಯದರ ಯೋಚನೆ. ವಾರಕ್ಕೊಂದು ರಾತ್ರಿ, ತೊಳೆದು ಒರೆಸಿದ ಮುಖಕ್ಕೆ ಕಡಿಮೆ ಶಕ್ತಿಯ ಲ್ಯಾಕ್ಟಿಕ್ ಅಥವಾ ಮ್ಯಾಂಡೆಲಿಕ್ ಆಮ್ಲ. ಅದರ ಮೇಲೆ ಮಾಯಿಶ್ಚರೈಸರ್. ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ ಒಂದೆರಡು ದಿನ ನೋಡಿ. ರೆಟಿನಾಲ್, ಅಡಾಪಲೀನ್ ಹಚ್ಚುವ ರಾತ್ರಿ ಇದು ಬೇಡ. ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿಸಿದ ದಿನವೂ ಬೇಡ. ಮದುವೆಯ ಹಿಂದಿನ ದಿನ ಹೊಸದೊಂದನ್ನು ಮುಖಕ್ಕೆ ಹಚ್ಚಿ ನೋಡುವ ಸಾಹಸ ಯಾವ ಮದುಮಗಳೂ ಮಾಡಬಾರದು, ಮದುಮಗನಂತೂ ಮೊದಲೇ ಗಡ್ಡ ಬೋಳಿಸಿಕೊಂಡು ಚರ್ಮ ಕೆರೆದುಕೊಂಡಿರುತ್ತಾನೆ. ರೇಜರು ಕೂಡ ಸತ್ತ ಚರ್ಮ ತೆಗೆಯುವ ಸಾಧನವೇ ಎಂಬುದನ್ನು ಗಂಡಸರು ಮರೆಯುತ್ತಾರೆ.

ದಿನವೂ ಹಚ್ಚುವ ಮಾಯಿಶ್ಚರೈಸರೇ ಉರಿಯತೊಡಗಿತೆಂದರೆ, ಮುಖ ಬಿಗಿದು ಮೇಣದಂತೆ ಮಿನುಗಿತೆಂದರೆ ಅತಿಯಾಯಿತೆಂದು ಲೆಕ್ಕ. ಆ ಮಿನುಗನ್ನು ಕಾಂತಿಯೆಂದು ತಿಳಿದು ಮುಂದುವರಿಸುವವರೇ ಹೆಚ್ಚು. ಎಲ್ಲ ನಿಲ್ಲಿಸಿ ಕೆಲವು ವಾರ ಬರೀ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಹಚ್ಚಿದರೆ ಚರ್ಮ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಇಸುಬು, ಸೋರಿಯಾಸಿಸ್ ಇರುವವರು ವೈದ್ಯರನ್ನು ಕೇಳದೆ ಯಾವುದನ್ನೂ ಶುರು ಮಾಡಬಾರದು. ಮೈಗೆ ವಾರದ ಎಣ್ಣೆಸ್ನಾನ ಸಾಕು. ಬಿರಿದ ಹಿಮ್ಮಡಿಗೆ ಹಳೆಯ ಮೈಕಲ್ಲು ಈಗಲೂ ಸಾಟಿಯಿಲ್ಲದ್ದು: ಕಾಲು ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ನೆನೆದ ಮೇಲೆ ಹಗುರವಾಗಿ ತಿಕ್ಕಿ, ಒರೆಸಿ, ಯೂರಿಯಾ ಇರುವ ಕ್ರೀಮು ಹಚ್ಚಿ ಕಾಲುಚೀಲ ಹಾಕಿ ಮಲಗಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರು ಕಲ್ಲನ್ನೂ ಮುಟ್ಟಬಾರದು. ಗಾಯವಾದದ್ದು ಅವರಿಗೆ ತಿಳಿಯುವುದೇ ಇಲ್ಲ.

ಸಕ್ಕರೆ ಕಾಯಿಲೆಯ ಹೆಸರು ಬಂದದ್ದರಿಂದ ಕೊನೆಗೊಂದು ಮಾತು, ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಹತ್ತು ಹನ್ನೆರಡರ ಮಕ್ಕಳ ಹಿಂಗುತ್ತಿಗೆ ಕಪ್ಪಾಗಿ, ಮಖಮಲ್ಲಿನಂತೆ ದಪ್ಪವಾಗಿ, ಗೆರೆಗೆರೆಯಾಗಿ ಕಂಡರೆ ಅಮ್ಮಂದಿರು ‘ಸರಿಯಾಗಿ ಸ್ನಾನ ಮಾಡೋದಿಲ್ಲ’ ಎಂದು ಬೈದು ಕೂರಿಸಿ ತಿಕ್ಕುತ್ತಾರೆ. ದೊಡ್ಡವರು ತಮ್ಮ ಕುತ್ತಿಗೆ, ಕಂಕುಳಿಗೆ ಸ್ಕ್ರಬ್ಬು, ನಿಂಬೆಹೋಳು, ಬ್ಲೀಚು ಎಲ್ಲ ಪ್ರಯೋಗಿಸುತ್ತಾರೆ. ಅದು ಕೊಳೆಯಲ್ಲ. ಅಕಾಂಥೋಸಿಸ್ ನೈಗ್ರಿಕಾನ್ಸ್ ಎಂಬ ಈ ಸ್ಥಿತಿಗೆ ಹೆಚ್ಚಿನವರಲ್ಲಿ ಕಾರಣ, ದೇಹ ಇನ್ಸುಲಿನ್ನಿನ ಮಾತು ಕೇಳದಿರುವುದು. ರಕ್ತದಲ್ಲಿ ಏರಿದ ಇನ್ಸುಲಿನ್ ಚರ್ಮದ ಜೀವಕೋಶಗಳನ್ನು ವಿಪರೀತ ಬೆಳೆಸುತ್ತದೆ. ಸ್ಥೂಲಕಾಯ, ಹೆಂಗಸರ ಅಂಡಾಶಯದ ತೊಂದರೆಯಾದ ಪಿಸಿಒಎಸ್, ಮುಂದೆ ಬರಬಹುದಾದ ಎರಡನೇ ಬಗೆಯ ಸಕ್ಕರೆ ಕಾಯಿಲೆ ಇವುಗಳ ಜೊತೆ ಅದಕ್ಕೆ ನಂಟು. ತೂಕ ಇಳಿದು ಇನ್ಸುಲಿನ್ ಹತೋಟಿಗೆ ಬಂದರೆ ಕಪ್ಪು ತಾನಾಗಿ ತಿಳಿಯಾಗುತ್ತದೆ. ಅಂಥ ಕುತ್ತಿಗೆ ನಿಮ್ಮ ಮನೆಯಲ್ಲಿ ಯಾರದಾದರೂ ಇದ್ದರೆ ತಿಕ್ಕುವುದನ್ನು ಇವತ್ತಿಗೇ ನಿಲ್ಲಿಸಿ, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.